ವಸ್ತಿ ಬಸ್ಸು ಹೋಗುವಷ್ಟು ದೂರ

ಶಿರಸಿಯ ಸುತ್ತ ಸುರಿಯುವ ಮಳೆ ಎರಡು ದಾರಿ ಹಿಡಿಯುತ್ತದೆ. ಪೂರ್ವದ ಕಡೆ ಬಿದ್ದ ನೀರು ವರದೆಯನ್ನು ಸೇರಿ, ಬನವಾಸಿಯನ್ನು ಬಳಸಿ, ತುಂಗಭದ್ರೆಯ ಮೂಲಕ ಕೃಷ್ಣೆಗೆ ಕೂಡಿ, ಕೊನೆಗೆ ಬಂಗಾಳ ಕೊಲ್ಲಿಯನ್ನು ಕಾಣುತ್ತದೆ. ಪಶ್ಚಿಮದ ಕಡೆ ಬಿದ್ದದ್ದು ಅಘನಾಶಿನಿಯನ್ನೋ ಶಾಲ್ಮಲೆಯನ್ನೋ ಹಿಡಿದು ಘಟ್ಟ ಇಳಿದು ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ, ನೀರನ್ನು ಹೀಗೆ ಪಾಲು ಹಂಚುವ ದಿಣ್ಣೆಯ ಮೇಲೆ ಈ ಊರು ಕುಳಿತಿದೆ.

ನೀರಿನಂತೆಯೇ ಇಲ್ಲಿಯ ಬಸ್ಸುಗಳಿಗೂ ಎರಡು ಬಗೆಯ ದಾರಿ. ಪೂರ್ವಕ್ಕೆ ಬನವಾಸಿ, ದಾಸನಕೊಪ್ಪಗಳ ಕಡೆ ಹೊರಟರೆ ನೆಲ ಬಹುಮಟ್ಟಿಗೆ ಸಮ. ಭತ್ತದ ಗದ್ದೆಗಳು, ಒತ್ತಾಗಿ ಕಟ್ಟಿಕೊಂಡ ಮನೆಗಳ ಊರುಗಳು. ಬಸ್ಸು ನಿಂತರೆ ಒಮ್ಮೆಗೇ ಹತ್ತು ಹದಿನೈದು ಮಂದಿ ಹತ್ತುತ್ತಾರೆ. ಪಶ್ಚಿಮಕ್ಕೆ ವಾನಳ್ಳಿ, ಮತ್ತಿಘಟ್ಟಗಳ ಕಡೆಯೋ ಸಿದ್ದಾಪುರ ತಾಲ್ಲೂಕಿನ ನಿಲ್ಕುಂದದ ಕಡೆಯೋ ಹೊರಟರೆ ಊರೆಂಬುದೇ ಕಣ್ಣಿಗೆ ಬೀಳುವುದಿಲ್ಲ. ಒಂದು ಕಣಿವೆಯಲ್ಲಿ ಎರಡು ಮನೆ, ಇನ್ನೊಂದು ಗುಡ್ಡದ ಬುಡದಲ್ಲಿ ಮೂರು ಮನೆ. ನಡುವೆ ಕಾಡು, ತೋಟ, ಹಳ್ಳ. ತಿರುವಿನಲ್ಲಿ ಬಸ್ಸು ನಿಂತಾಗ ಹತ್ತುವವರು ಒಬ್ಬರೇ. ಯಾವ ಮನೆಯಿಂದ ಬಂದರು ಎಂದು ಹುಡುಕಿದರೆ ಅಡಿಕೆ ಮರಗಳ ತಲೆಗಳು ಮಾತ್ರ ಕಾಣಿಸುತ್ತವೆ.

ದುಡ್ಡಿರುವವರಿಗೆ ಇದೆಲ್ಲ ಬರೀ ನೋಟ. ಕಾರು ತಿರುಗಿಸಿಕೊಂಡು ಮನೆಯ ಅಂಗಳಕ್ಕೇ ಇಳಿಯುತ್ತಾರೆ. ದಿನದ ಕೂಲಿಯಿಂದ ದಿನದ ಗಂಜಿ ಕಾಣುವವರಿಗೆ, ಅಡಿಕೆ ಸುಲಿಯಲು ಹೋಗುವ ಹೆಂಗಸರಿಗೆ, ಪೇಟೆಯ ಅಂಗಡಿಯಲ್ಲಿ ಸಂಬಳಕ್ಕೆ ನಿಲ್ಲುವ ಹುಡುಗಿಯರಿಗೆ, ಕಾಲೇಜಿನ ಮಕ್ಕಳಿಗೆ, ಮಾತ್ರೆಗಾಗಿ ತಿಂಗಳಿಗೊಮ್ಮೆ ಆಸ್ಪತ್ರೆಗೆ ಬರುವ ಮುದುಕರಿಗೆ ಇದೇ ನೆಲದ ರಚನೆ ಬದುಕಿನ ಲೆಕ್ಕಾಚಾರವಾಗುತ್ತದೆ.

ಹತ್ತಿಗಾಗಿ ಆದ ರಸ್ತೆ

ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗುವ ಸುಮಾರು 60 ಕಿಲೋಮೀಟರಿನ ದಾರಿ ಇಲ್ಲಿಯ ಹಳೆಯ ಹೆದ್ದಾರಿ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಈ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ‘ಕುಮಟಾ ಹತ್ತಿ’ ಎಂಬ ಹೆಸರು ಮುಂಬಯಿಯ ಪೇಟೆಯನ್ನೂ ದಾಟಿ ಇಂಗ್ಲೆಂಡಿನ ಗಿರಣಿಗಳವರೆಗೆ ತಲುಪಿತ್ತು. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ನಿಂತಾಗ ಈ ಕಡೆಯ ಹತ್ತಿಗೆ ಬೇಡಿಕೆ ಏರಿತು. ಅದೇ ಕಾಲದಲ್ಲಿ, 1862ರಲ್ಲಿ, ಉತ್ತರ ಕನ್ನಡ ಮದರಾಸು ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಗಾಡಿಯಲ್ಲಿ ಹೋಗುತ್ತಿದ್ದುದು ಸರಕು. ಬಡವರು ಗಾಡಿಯ ಪಕ್ಕದಲ್ಲಿ, ತಲೆಯ ಮೇಲೆ ಹೊರೆ ಹೊತ್ತು ನಡೆಯುತ್ತಿದ್ದರು.

ಜನಸಾಮಾನ್ಯರನ್ನು ನಡಿಗೆಯಿಂದ ಬಿಡಿಸಿದ್ದು ಮೋಟಾರು ಬಸ್ಸು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. 1961ರಲ್ಲಿ ರಾಜ್ಯದ ರಸ್ತೆ ಸಾರಿಗೆ ಸಂಸ್ಥೆ ಹುಟ್ಟಿತು. 1997ರ ನವೆಂಬರಿನಲ್ಲಿ ಅದರಿಂದ ಬೇರೆಯಾಗಿ ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಬಂತು. ಅದರ ಉತ್ತರ ಕನ್ನಡ ವಿಭಾಗದ ಕಚೇರಿ ಇರುವುದು ಶಿರಸಿಯಲ್ಲೇ. ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಖಾಸಗಿ ಬಸ್ಸುಗಳ ಓಟ ಜೋರು. ಘಟ್ಟದ ಕೆಳಗೆ ಕುಮಟಾ, ಹೊನ್ನಾವರಗಳಲ್ಲಿ ಟೆಂಪೋಗಳು ಕೈ ತೋರಿಸಿದಲ್ಲೆಲ್ಲ ನಿಲ್ಲುತ್ತವೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಒಳಹಳ್ಳಿಗಳಿಗೆ ಮಾತ್ರ ಸರ್ಕಾರಿ ಕೆಂಪು ಬಸ್ಸೇ ಮೊದಲ ಆಸರೆ, ಅನೇಕ ಕಡೆ ಕೊನೆಯ ಆಸರೆಯೂ ಅದೇ.

ರೈಲಂತೂ ಈ ಮೂರೂ ಪೇಟೆಗಳಿಗೆ ಬಂದಿಲ್ಲ. ಸಿದ್ದಾಪುರದವರಿಗೆ ಹತ್ತಿರದ ತಾಳಗುಪ್ಪದಲ್ಲಿ ಹಳಿ ಮುಗಿಯುತ್ತದೆ. ಕುಮಟಾದ ಕೊಂಕಣ ರೈಲು 1998ರಿಂದ ಪೂರ್ಣ ಓಡುತ್ತಿದೆ. ಹಾವೇರಿ, ಹುಬ್ಬಳ್ಳಿಗಳಲ್ಲಿ ರೈಲುಂಟು. ಆದರೆ ದೇಶದಲ್ಲೇ ಅಗ್ಗದ ಪ್ರಯಾಣವೆನಿಸಿದ ರೈಲನ್ನು ಹಿಡಿಯಲು ಇಲ್ಲಿಯ ಬಡವ ಮೊದಲು ಬಸ್ಸನ್ನೇ ಹಿಡಿಯಬೇಕು.

ಟಿಕೆಟ್ಟಿನ ಬೆಲೆ, ಪ್ರಯಾಣದ ಬೆಲೆ

2023ರ ಜೂನ್ 11ರಂದು ರಾಜ್ಯದಲ್ಲಿ ‘ಶಕ್ತಿ’ ಯೋಜನೆ ಜಾರಿಗೆ ಬಂತು. ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದೊಳಗೆ ಮಹಿಳೆಯರಿಗೆ ಪ್ರಯಾಣ ಉಚಿತವಾಯಿತು. 2025ರ ಜುಲೈ ಹೊತ್ತಿಗೆ ಈ ಯೋಜನೆಯ ಪ್ರಯಾಣಗಳ ಸಂಖ್ಯೆ 500 ಕೋಟಿ ದಾಟಿತು. ಆ ಸಂಖ್ಯೆಯ ಹಿಂದಿರುವ ಮುಖಗಳನ್ನು ನೋಡಬೇಕಾದರೆ ಶಿರಸಿಯ ನಿಲ್ದಾಣದಲ್ಲಿ ಸಂಜೆ ಒಂದು ತಾಸು ನಿಂತರೆ ಸಾಕು. ಸಂಘದ ಸಭೆ ಮುಗಿಸಿ ಬಂದವರು, ಆಸ್ಪತ್ರೆಯ ಚೀಟಿ ಹಿಡಿದವರು, ತವರಿಗೆ ಹೋಗಿ ವರ್ಷವಾಯಿತೆಂದು ಹೊರಟವರು, ಮಾರಿಕಾಂಬೆಗೆ ಉಡಿ ತುಂಬಿ ಬಂದವರು. ಹಿಂದೆ ಟಿಕೆಟ್ಟಿನ ದುಡ್ಡು ಉಳಿಸಲು ಎರಡು ನಿಲ್ದಾಣ ಮೊದಲೇ ಇಳಿದು ನಡೆಯುತ್ತಿದ್ದ ಹೆಂಗಸರು ಈಗ ಮನೆಯ ತಿರುವಿನವರೆಗೆ ಕೂತು ಬರುತ್ತಾರೆ. ಇದು ಸಣ್ಣ ಮಾತಲ್ಲ.

ಆದರೆ ಪ್ರಯಾಣದ ಬೆಲೆಯೆಲ್ಲ ಟಿಕೆಟ್ಟಿನಲ್ಲಿ ಇರುವುದಿಲ್ಲ. ಬೆಳಗಿನ ಬಸ್ಸು ಬರಲಿಲ್ಲ ಎಂದುಕೊಳ್ಳಿ. ಕೂಲಿಗೆ ಹೊರಟವಳಿಗೆ ಅಂದಿನ ಕೂಲಿ ಹೋಯಿತು. ಸಂಜೆಯ ಬಸ್ಸು ತಪ್ಪಿದರೆ ಆಟೋ ಹಿಡಿಯಬೇಕು. ಬಸ್ಸಿನಲ್ಲಿ ಹತ್ತಾರು ರೂಪಾಯಿಯ ದಾರಿಗೆ ಆಟೋದವನು ಕತ್ತಲೆ, ಘಟ್ಟ, ವಾಪಸು ಖಾಲಿ ಬರಬೇಕಾದ ಕಷ್ಟ ಎಲ್ಲ ಸೇರಿಸಿ ನೂರರ ಲೆಕ್ಕದಲ್ಲಿ ಕೇಳುತ್ತಾನೆ. ಅವನದೂ ಹೊಟ್ಟೆಪಾಡು, ತಪ್ಪು ಹೇಳುವಂತಿಲ್ಲ. ಹಾಗಾಗಿ ಬಡವರ ಲೆಕ್ಕದಲ್ಲಿ ಅಗ್ಗದ ವಾಹನ ಎಂದರೆ ಕಡಿಮೆ ದರದ್ದು ಮಾತ್ರವಲ್ಲ. ಹೇಳಿದ ಹೊತ್ತಿಗೆ ಬರುವುದು, ಬಾರದ ದಿನ ಬಾರದೆಂದು ಮೊದಲೇ ಗೊತ್ತಾಗುವುದು.

ನಿಲ್ದಾಣದ ಕಟ್ಟೆಯ ಮೇಲೆ ಕೂತ ಅಜ್ಜಿ, “ತಮಾ, ನಮ್ಮೂರ ಬಸ್ಸು ಬಂತನಾ?” ಎಂದು ಕೇಳುತ್ತಾಳೆ. “ಬರತೈತಿ ಯವ್ವಾ, ಇನ್ನೂ ಡಿಪೋದಾಗ ಐತಿ” ಎನ್ನುತ್ತಾನೆ ಗದಗ ಸೀಮೆಯಿಂದ ಬಂದ ಕಂಡಕ್ಟರು. ಈ ಉತ್ತರದಲ್ಲಿ ಗಂಟೆಯ ಲೆಕ್ಕ ಇಲ್ಲ. ಅಜ್ಜಿ ಮತ್ತೆ ಕೇಳುವುದಿಲ್ಲ. ಎಲೆಯಡಿಕೆಯ ಚೀಲ ಬಿಚ್ಚುತ್ತಾಳೆ.

ಶಕ್ತಿ ಬಂದ ಮೇಲೆ ಹತ್ತುವವರು ಹೆಚ್ಚಿದರು. ಆದರೆ 2020ರ ಕೋವಿಡ್ ಕಾಲದಲ್ಲಿ ನಿಂತ ಹಳ್ಳಿಯ ಓಡಾಟಗಳಲ್ಲಿ ಕೆಲವು ಮತ್ತೆ ಶುರುವಾಗಲೇ ಇಲ್ಲ. ಹೀಗಾಗಿ ಬೆಳಗಿನ ಬಸ್ಸು ಮೊದಲ ಮೂರು ನಿಲ್ದಾಣಗಳಲ್ಲೇ ತುಂಬಿ, ಪಾಸು ಹಿಡಿದ ಮಕ್ಕಳು ಮುಂದಿನ ತಿರುವಿನಲ್ಲಿ ಕೈ ಚಾಚಿಯೇ ಉಳಿಯುವುದುಂಟು. ಗಂಡಸರಿಗೆ 2025ರ ಜನವರಿ 5ರಿಂದ ದರ ಶೇಕಡಾ 15 ಏರಿದೆ. ಬಸ್ಸೇ ಬಾರದ ಊರಿನ ಹೆಂಗಸಿಗೆ ಉಚಿತ ಟಿಕೆಟ್ ಎಂದರೆ ಬಾವಿಯಿಲ್ಲದ ಊರಿನಲ್ಲಿ ಕೊಡ ಹಂಚಿದ ಹಾಗೆ.

ಒಂದು ಲೀಟರಿನ ಗಣಿತ

ಹಾಗಾದರೆ ಸಂಸ್ಥೆ ಎಲ್ಲ ಊರಿಗೂ ಬಸ್ಸು ಬಿಡಬಾರದೇಕೆ? ಇಲ್ಲಿ ಒಂದು ಸರಳ ಗಣಿತವಿದೆ. ದೊಡ್ಡ ಬಸ್ಸು ಒಂದು ಲೀಟರ್ ಡೀಸೆಲ್ಲಿಗೆ ಸುಮಾರು 5 ಕಿಲೋಮೀಟರ್ ಓಡುತ್ತದೆ. ಅದರಲ್ಲಿ 40 ಜನ ಇದ್ದರೆ ಒಂದು ಲೀಟರಿಗೆ 200 ಕಿಲೋಮೀಟರಿನ ಜನಪ್ರಯಾಣ ಆಯಿತು. ಲೀಟರಿಗೆ 50 ಕಿಲೋಮೀಟರ್ ಓಡುವ ಬೈಕಿನಲ್ಲಿ ಒಬ್ಬನೇ ಹೋದರೆ 50. ಲೀಟರಿಗೆ 25 ಓಡುವ ಆಟೋದಲ್ಲಿ ಮೂವರು ಕೂತರೆ 75. ತುಂಬಿದ ಬಸ್ಸಿನ ಮುಂದೆ ಯಾವ ವಾಹನವೂ ನಿಲ್ಲುವುದಿಲ್ಲ.

ಅದೇ ಬಸ್ಸು ಮಧ್ಯಾಹ್ನ ಕಣಿವೆಯ ಕೊನೆಯ ಊರಿಗೆ ಹತ್ತು ಜನರನ್ನು ಹೊತ್ತು ಹೊರಟರೆ ಲೆಕ್ಕ 50ಕ್ಕೆ ಇಳಿಯಿತು. ಅಲ್ಲಿಗೆ ಒಬ್ಬ ಬೈಕ್ ಸವಾರನಿಗೂ ಬಸ್ಸಿಗೂ ಸರಿಸಮ. ಐದೇ ಜನರಾದರೆ 25. ಇದರ ಮೇಲೆ ಚಾಲಕ, ನಿರ್ವಾಹಕರ ಸಂಬಳ, ಹೊಂಡಗಳಲ್ಲಿ ಮುರಿಯುವ ಪಾಟಾ, ಸವೆಯುವ ಟಯರು. ಕಿಲೋಮೀಟರಿಗೆ ಇಷ್ಟು ಗಳಿಕೆ ಬರಬೇಕೆಂಬ ಪಟ್ಟಿಯಲ್ಲಿ ಇಂಥ ಮಾರ್ಗಗಳು ಸದಾ ಕೆಳಗೆ ಇರುತ್ತವೆ. ಕತ್ತರಿ ಹಿಡಿದವರ ಕಣ್ಣು ಮೊದಲು ಬೀಳುವುದು ಅಲ್ಲಿಗೇ.

ಆ ಲೆಕ್ಕ ಸುಳ್ಳಲ್ಲ, ಪೂರ್ತಿಯೂ ಅಲ್ಲ. ಆ ಐದು ಜನರಲ್ಲಿ ಬೈಕು ಓಡಿಸಬಲ್ಲವರು ಯಾರು? ಒಬ್ಬಳು ಅಜ್ಜಿ, ಇಬ್ಬರು ಶಾಲೆಯ ಮಕ್ಕಳು, ಒಬ್ಬ ರೋಗಿ, ಕೂಸನ್ನು ಎತ್ತಿಕೊಂಡ ಒಬ್ಬ ತಾಯಿ. ಬೈಕಿರುವವರೆಲ್ಲ ಬಸ್ಸು ಬಿಟ್ಟ ಮೇಲೆ ಬಸ್ಸಿನಲ್ಲಿ ಉಳಿಯುವವರು ಬೇರೆ ದಾರಿಯೇ ಇಲ್ಲದವರು. ಜನ ಕಡಿಮೆಯಾದಷ್ಟೂ ಆ ಬಸ್ಸಿನ ಅಗತ್ಯ ಹೆಚ್ಚು ಎಂಬುದು ಗಳಿಕೆಯ ಪಟ್ಟಿಯಲ್ಲಿ ಕಾಣದ ಸತ್ಯ. ಇದಕ್ಕೆ ಗಣಿತದಲ್ಲೇ ಒಂದು ಪರಿಹಾರವೂ ಇದೆ. ಲೀಟರಿಗೆ 8 ಕಿಲೋಮೀಟರ್ ಓಡುವ ಸಣ್ಣ ಬಸ್ಸಿನಲ್ಲಿ 15 ಜನ ಕೂತರೆ 120 ಆಗುತ್ತದೆ. ಕಿರಿದಾದ ರಸ್ತೆಯಲ್ಲಿ ತಿರುಗಲೂ ಅದಕ್ಕೆ ಸುಲಭ. ಅಡಿಕೆ ತೋಟದ ನಡುವಿನ ದಾರಿಗೆ ದೊಡ್ಡ ಬಸ್ಸೇ ಏಕೆ ಬೇಕು?

ಊರಿನಲ್ಲಿ ಮಲಗುವ ಬಸ್ಸು

ಈ ಸೀಮೆಯ ಸಾರಿಗೆಯಲ್ಲಿ ಅತ್ಯಂತ ಜಾಣತನದ ಏರ್ಪಾಡು ವಸ್ತಿ ಬಸ್ಸು. ಸಂಜೆ ಪೇಟೆಯಿಂದ ಕೊನೆಯದಾಗಿ ಹೊರಟ ಬಸ್ಸು ರಾತ್ರಿ ಕೊನೆಯ ಊರು ತಲುಪಿ ಅಲ್ಲೇ ತಂಗುತ್ತದೆ. ಚಾಲಕ, ನಿರ್ವಾಹಕರು ಬಸ್ಸಿನಲ್ಲೋ ಶಾಲೆಯ ಜಗಲಿಯಲ್ಲೋ ಮಲಗುತ್ತಾರೆ. ಊರಿನ ಯಾವುದೋ ಮನೆಯಿಂದ ಬಿಸಿನೀರು, ಊಟ ಬರುವುದುಂಟು. ಮುಂಜಾನೆ ಮಂಜು ಹರಿಯುವ ಮೊದಲೇ ಎಂಜಿನ್ನಿನ ಸದ್ದು ಕೇಳಿಸಿದರೆ ಕಣಿವೆಯ ಮನೆಗಳಲ್ಲಿ ಒಲೆಯ ಮುಂದಿನ ಕೆಲಸ ಚುರುಕಾಗುತ್ತದೆ.

ಅನುಕೂಲ ಎರಡು ಬಗೆಯದು. ಸಂಜೆ ಖಾಲಿ ವಾಪಸು ಹೋಗಿ, ಬೆಳಿಗ್ಗೆ ಖಾಲಿ ಬರಬೇಕಾಗಿದ್ದ ಒಂದು ಸುತ್ತಿನ ಡೀಸೆಲ್ ಉಳಿಯಿತು. ಬೆಳಗಿನ ಕೆಲಸಕ್ಕೆ, ಕಾಲೇಜಿಗೆ, ಆಸ್ಪತ್ರೆಗೆ ಹೋಗುವವರಿಗೆ ಹೊತ್ತಿಗೆ ಸರಿಯಾಗಿ ಬಸ್ಸು ಸಿಕ್ಕಿತು. ಜೊತೆಗೆ ಅದು ಹೊರುವುದು ಜನರನ್ನಷ್ಟೇ ಅಲ್ಲ. ಪೇಟೆಯ ಔಷಧಿಯ ಪೊಟ್ಟಣ, ಪಂಪಿನ ಬಿಡಿಭಾಗ, ಮದುವೆಯ ಕರೆಯೋಲೆ, ದಿನಪತ್ರಿಕೆಯ ಕಟ್ಟು ಎಲ್ಲವೂ ನಿರ್ವಾಹಕನ ಕೈ ದಾಟಿ ಊರು ಸೇರುತ್ತವೆ.

ಸ್ವಿಟ್ಜರ್ಲೆಂಡಿನಂಥ ಸಿರಿವಂತ ದೇಶದ ಬೆಟ್ಟದ ಊರುಗಳಲ್ಲೂ ಇದೇ ಯುಕ್ತಿ. 1906ರಲ್ಲಿ ಅಲ್ಲಿಯ ಅಂಚೆ ಇಲಾಖೆ ಮೋಟಾರು ಬಸ್ಸು ಆರಂಭಿಸಿ, ಟಪಾಲು ಮತ್ತು ಜನರನ್ನು ಒಟ್ಟಿಗೆ ಸಾಗಿಸಿತು. ಆ ಹಳದಿ ಬಸ್ಸುಗಳು ಇಂದಿಗೂ ಓಡುತ್ತಿವೆ. ಬೆಟ್ಟದ ತುದಿಯ ನಾಲ್ಕು ಮನೆಗೂ ಬಸ್ಸು ಹೋಗಬೇಕು ಎಂಬುದನ್ನು ಅವರು ಲಾಭನಷ್ಟದ ಮಾತಾಗಿ ಮಾತ್ರ ನೋಡಲಿಲ್ಲ.

ಬಸ್ಸು ನಿಂತ ಮೇಲೆ

ವಸ್ತಿ ಬಸ್ಸು ಹೋಗುವಷ್ಟು ದೂರಕ್ಕೆ ಪ್ರಯಾಣ ಮುಗಿಯುವುದಿಲ್ಲ. ಅಲ್ಲಿಂದ ಮನೆಗೆ ಎರಡೋ ಮೂರೋ ಕಿಲೋಮೀಟರ್ ಕಾಲುದಾರಿ. ವರ್ಷಕ್ಕೆ ಸುಮಾರು 2500 ಮಿಲಿಮೀಟರ್ ಮಳೆ ಬೀಳುವ ಸೀಮೆಯಲ್ಲಿ ಆ ದಾರಿಯನ್ನು ಒಂದಾದರೂ ಹಳ್ಳ ಕತ್ತರಿಸದೆ ಇರುವುದಿಲ್ಲ. ಆ ಹಳ್ಳ ದಾಟಿಸುವುದು ಕಾಲುಸಂಕ.

ಎರಡು ಮೂರು ಅಡಿಕೆ ಮರಗಳನ್ನು ಜೋಡಿಸಿ, ದಡದ ಮರಕ್ಕೋ ಗೂಟಕ್ಕೋ ಬಿಗಿದು, ಹಿಡಿದುಕೊಳ್ಳಲು ಒಂದು ಬಿದಿರು ಕಟ್ಟಿದರೆ ಸಂಕ ಆಯಿತು. ಮಳೆಗಾಲಕ್ಕೆ ಮೊದಲು ಊರವರೇ ಸೇರಿ ಕಟ್ಟುತ್ತಾರೆ. ಆಷಾಢದ ಹೊತ್ತಿಗೆ ಅದರ ಮೇಲೆ ಹಾವಸೆ ಬೆಳೆದು, ಪಾದಕ್ಕೂ ಮರಕ್ಕೂ ನಡುವಿನ ಘರ್ಷಣೆ ಇಲ್ಲವೆನ್ನುವಷ್ಟು ಕಡಿಮೆಯಾಗುತ್ತದೆ. ಕೆಳಗೆ ಕೆಂಪು ನೀರು, ಬೆನ್ನಿಗೆ ಪಾಟಿಚೀಲ, ಒಂದು ಕೈಯಲ್ಲಿ ಕೊಡೆ. ಸಂಕ ಕೊಚ್ಚಿಹೋದ ದಿನ ಮಗು ಶಾಲೆಗಿಲ್ಲ. ಹಾಜರಿ ಪುಸ್ತಕದಲ್ಲಿ ಅದು ಬರೀ ಗೈರುಹಾಜರಿ.

ಇದಕ್ಕೆ ಮದ್ದು ದುಬಾರಿಯದಲ್ಲ. ತುಂಬಿದ ಬಸ್ಸಿನ ತೂಕ ಸುಮಾರು 15 ಟನ್. ಅದೇ ಹಳ್ಳದ ಮೇಲೆ ಏಕಕಾಲಕ್ಕೆ ಇಪ್ಪತ್ತು ಮಂದಿ ನಿಂತರೂ ತೂಕ ಒಂದೂಕಾಲು ಟನ್ ದಾಟುವುದಿಲ್ಲ. ನಡೆಯುವವರಿಗಾಗಿ ಕಟ್ಟುವ ಸೇತುವೆ ವಾಹನದ ಸೇತುವೆಯ ಹತ್ತಿರವೂ ಸುಳಿಯದಷ್ಟು ಅಗ್ಗ. ಸುಳ್ಯದ ಎಂಜಿನಿಯರ್ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿ ಇದನ್ನು ತೋರಿಸಿಕೊಟ್ಟರು. ಮುಂದೆ ನೂರಕ್ಕೂ ಹೆಚ್ಚು ಇಂಥ ಸೇತುವೆಗಳನ್ನು ಕಟ್ಟಿದ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು. ನೇಪಾಳದಲ್ಲಿ ಸ್ವಿಸ್ ನೆರವಿನಿಂದ ಇಂಥ ಸಾವಿರಾರು ಕಾಲುಸೇತುವೆಗಳು ಎದ್ದಿವೆ. ನಮ್ಮ ರಾಜ್ಯದಲ್ಲೂ ‘ಶಾಲಾ ಸಂಪರ್ಕ ಸೇತು’ ಎಂಬ ಯೋಜನೆಯಲ್ಲಿ ಮಲೆನಾಡು, ಕರಾವಳಿಗಳ ಅನೇಕ ಹಳ್ಳಗಳಿಗೆ ಕಿರುಸೇತುವೆಗಳಾದವು. ಆದದ್ದು ಒಳ್ಳೆಯದೇ ಆಯಿತು. ಆಗಬೇಕಾದ ಹಳ್ಳಗಳು ಇನ್ನೂ ಇವೆ.

ಸೈಕಲ್ಲು ಬಡವರ ವಾಹನವೆಂಬುದು ಬಯಲುಸೀಮೆಯ ಮಾತು. ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ರಾಜ್ಯದಲ್ಲಿ 2006–07ರಲ್ಲಿ ಆರಂಭವಾಗಿ, ಕೋವಿಡ್ ವರ್ಷದಲ್ಲಿ ನಿಂತಿತು. ಬನವಾಸಿಯ ಕಡೆಯ ಮಕ್ಕಳು ಅದನ್ನು ಚೆನ್ನಾಗಿ ತುಳಿದರು. ಕಣಿವೆಯ ಮಕ್ಕಳ ಪಾಡು ಬೇರೆ. ಮಗು, ಸೈಕಲ್ಲು ಸೇರಿ 60 ಕಿಲೋ ಎಂದಿಟ್ಟುಕೊಂಡರೆ, ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಮುಂದಕ್ಕೆ ತಳ್ಳಲು ಒಂದು ಕಿಲೋ ಎತ್ತುವಷ್ಟು ಬಲವೂ ಬೇಡ. ಹತ್ತು ಅಡಿಗೆ ಒಂದು ಅಡಿ ಏರುವ ದಿಬ್ಬದಲ್ಲಿ ಅದರ ಜೊತೆಗೆ ಇನ್ನೂ 6 ಕಿಲೋದಷ್ಟು ಬಲ ಬೇಕು. ಅದಕ್ಕೇ ಆ ಸೈಕಲ್ಲುಗಳು ಬೆಳಿಗ್ಗೆ ಮಕ್ಕಳನ್ನು ಹೊತ್ತು ಇಳಿದವು, ಸಂಜೆ ಮಕ್ಕಳು ಅವನ್ನು ತಳ್ಳಿಕೊಂಡು ಹತ್ತಿದರು. ಯೋಜನೆ ಒಂದೇ, ನೆಲ ಎರಡು ಬಗೆ.

ಹೊಳೆಯಾಚೆಯ ಊರುಗಳು

ಯಲ್ಲಾಪುರ ತಾಲ್ಲೂಕಿನಲ್ಲಿ ಕಷ್ಟ ಇನ್ನೊಂದು ಮೆಟ್ಟಿಲು ಏರುತ್ತದೆ. ಅಂಕೋಲಾ–ಹುಬ್ಬಳ್ಳಿ ಹೆದ್ದಾರಿ ಊರಿನ ನಡುವೆಯೇ ಹಾದಿದೆ. ಹಗಲೂ ರಾತ್ರಿ ಲಾರಿಗಳ ಸಾಲು. ಆದರೆ ಹೆದ್ದಾರಿ ಬಿಟ್ಟು ಒಳಕ್ಕೆ ತಿರುಗಿದರೆ ಸಿದ್ದಿಗಳ, ಗೌಳಿಗಳ ಕಾಡಿನ ಕೇರಿಗಳು. ಶತಮಾನಗಳ ಹಿಂದೆ ಆಫ್ರಿಕದಿಂದ ಬಂದವರ ಸಂತತಿಯಾದ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. ಆ ಸ್ಥಾನದ ಸವಲತ್ತು ಪಡೆಯಲು ಬೇಕಾದ ಕಾಗದ, ಸಹಿ, ಮೊಹರುಗಳೆಲ್ಲ ಇರುವುದು ತಾಲ್ಲೂಕು ಕಚೇರಿಯಲ್ಲಿ. ಅಲ್ಲಿಗೆ ಹೋದ ದಿನ ಕೂಲಿಯಿಲ್ಲ. ಸಾಹೇಬರು ಸಿಗದಿದ್ದರೆ ಎರಡು ದಿನ ಇಲ್ಲ.

2021ರ ಜುಲೈ ನೆರೆಯಲ್ಲಿ ಗಂಗಾವಳಿಯ ಮೇಲಿನ ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು. ಅದೇ ಮಳೆಯಲ್ಲಿ ಕಳಚೆಯಲ್ಲಿ ಗುಡ್ಡ ಕುಸಿಯಿತು, ಅರಬೈಲು ಘಟ್ಟದ ಹೆದ್ದಾರಿಯೂ ಕಡಿಯಿತು. ನಕ್ಷೆಯಲ್ಲಿ ಕೂಗಿದರೆ ಕೇಳಿಸುವಷ್ಟು ಹತ್ತಿರದ ಊರುಗಳು ಒಂದೇ ರಾತ್ರಿಯಲ್ಲಿ ದೂರವಾದವು. ಸುತ್ತಿ ಬರುವ ದಾರಿಗೆ ವಾಹನವಿದ್ದವರು ಎಣ್ಣೆಯ ಖರ್ಚು ಹೆಚ್ಚಾಯಿತೆಂದರು. ಇಲ್ಲದವರು ಮನೆಯಲ್ಲೇ ಉಳಿದರು.

ಆಸ್ಪತ್ರೆಯ ಮಾತು ಬಂದಾಗ ದೂರದ ಅರ್ಥ ಇನ್ನೂ ಚೆನ್ನಾಗಿ ತಿಳಿಯುತ್ತದೆ. 2008ರಲ್ಲಿ ರಾಜ್ಯಕ್ಕೆ 108ರ ಆಂಬುಲೆನ್ಸ್ ಬಂತು. ಅದು ಡಾಂಬರು ರಸ್ತೆಯವರೆಗೆ ಬರುತ್ತದೆ. ಅಲ್ಲಿಯವರೆಗೆ ಕಂಬಳಿಯ ಜೋಲಿಯೇ ವಾಹನ, ನಾಲ್ಕು ಹೆಗಲೇ ಚಕ್ರ. ಶಿರಸಿಯ ಪಂಡಿತ ಆಸ್ಪತ್ರೆಯಲ್ಲಿ ಆಗದ್ದಕ್ಕೆ ಹುಬ್ಬಳ್ಳಿಗೆ ಕಳಿಸುತ್ತಾರೆ, ಸುಮಾರು 100 ಕಿಲೋಮೀಟರ್. ತುರ್ತು ಇಲ್ಲದ, ಆದರೆ ತಿಂಗಳು ತಿಂಗಳೂ ಹೋಗಲೇಬೇಕಾದ ರೋಗಿಗಳಿಗೆ ಬೆಳಗಿನ ಹುಬ್ಬಳ್ಳಿ ಬಸ್ಸೇ ಆಂಬುಲೆನ್ಸು. ಆ ಬಸ್ಸು ಸಿಗಬೇಕಾದರೆ ಊರಿನ ವಸ್ತಿ ಬಸ್ಸು ಹೊತ್ತಿಗೆ ಸರಿಯಾಗಿ ಶಿರಸಿಗೆ ಬಂದಿರಬೇಕು. ಅದಕ್ಕೂ ಮೊದಲು ಹಳ್ಳದ ಮೇಲಿನ ಸಂಕ ಗಟ್ಟಿಯಾಗಿರಬೇಕು. ಒಂದು ಕೊಂಡಿ ಕಳಚಿದರೆ ಸರಪಳಿಯೆಲ್ಲ ವ್ಯರ್ಥ.

ತಾಳಗುಪ್ಪದ ಹಳಿಯನ್ನು ಶಿರಸಿಗೆ ತರಬೇಕೆಂಬ ಬೇಡಿಕೆ ಹಳೆಯದು. ಯಲ್ಲಾಪುರದ ಕಾಡಿನ ಮೂಲಕ ಹುಬ್ಬಳ್ಳಿ–ಅಂಕೋಲಾ ರೈಲು ಬರಬೇಕೋ ಬೇಡವೋ ಎಂಬ ವಾದವೂ ದಶಕಗಳಿಂದ ನಡೆದಿದೆ. ದೊಡ್ಡ ಕೆಲಸಗಳು ಅವುಗಳ ಕಾಲಕ್ಕೆ ಆಗಲಿ. ಕಣಿವೆಯ ಬಡವರು ಕೇಳುತ್ತಿರುವುದು ತೀರ ಚಿಕ್ಕದು. ವಸ್ತಿ ಬಸ್ಸು ನಿಲ್ಲದಿರಲಿ. ಜನ ಕಡಿಮೆಯಿರುವ ದಾರಿಗೆ ಸಣ್ಣ ಬಸ್ಸಾದರೂ ಬರಲಿ. ಅದು ಬರುವ ಹೊತ್ತನ್ನು ನಿಲ್ದಾಣದ ಗೋಡೆಯ ಮೇಲೆ ಬರೆದು, ಬರೆದಂತೆ ನಡೆಯಲಿ. ಬಸ್ಸಿಳಿದ ಮೇಲಿನ ಹಳ್ಳಕ್ಕೆ ಮಳೆಗಾಲದಲ್ಲೂ ನಿಲ್ಲುವ ಒಂದು ಸಂಕವಾಗಲಿ.

ರಾತ್ರಿ ಎಂಟು ದಾಟಿದೆ. ಕೊನೆಯ ತಿರುವಿನಲ್ಲಿ ಇಳಿದವರು ಬ್ಯಾಟರಿ ಹಿಡಿದು ಗದ್ದೆಯ ಅಂಚು ಹಿಡಿಯುತ್ತಾರೆ. ಬಸ್ಸಿನ ಚಾಲಕ ದೀಪವನ್ನು ಕೂಡಲೇ ಆರಿಸುವುದಿಲ್ಲ. ಅವರು ಸಂಕ ದಾಟುವವರೆಗೆ ಅದರ ಬೆಳಕು ಹಳ್ಳದ ಮೇಲೆ ಇರುತ್ತದೆ.